ತೇವ 18 ಅಂದರೆ ಹಸಿಯೋ, ಒಣಗಲೋ?

ತೇವಮಾಪಕದ ಪರದೆ ಮೇಲೆ 18 ಎಂದು ಬಂದಿದೆ. ಶೇಕಡಾ 18. ನೀರು ಬಿಡಬೇಕೋ, ಇನ್ನೂ ಕಾಯಬೇಕೋ? ಇಷ್ಟರಿಂದಲೇ ಹೇಳಲು ಯಾರಿಗೂ ಆಗದು. ಮರಳು ಮಣ್ಣಾದರೆ ಅದು ತುಂಬಿ ಬಸಿಯುತ್ತಿರುವ ನೆಲ, ಪಂಪು ಆಗಲೇ ನಿಲ್ಲಬೇಕಿತ್ತು. ಗೋಡು ಮಣ್ಣಾದರೆ ನೀರು ಕೊಡುವ ಹೊತ್ತು ಮೀರುತ್ತಿದೆ. ಅಪ್ಪಟ ಜೇಡಿಯಾದರೆ ಗಿಡ ಬಾಡಿ ಮಲಗಿರಬೇಕು. ಅಂಕಿ ಒಂದೇ, ಅರ್ಥ ಮೂರು.

ಮಣ್ಣಲ್ಲಿ ಎಷ್ಟು ನೀರಿದೆ ಎಂಬುದು ಒಂದು ಪ್ರಶ್ನೆ. ಆ ನೀರನ್ನು ಮಣ್ಣು ಎಷ್ಟು ಬಿಗಿಯಾಗಿ ಹಿಡಿದುಕೊಂಡಿದೆ ಎಂಬುದು ಇನ್ನೊಂದು. ಬೇರಿಗೆ ಮುಖ್ಯವಾದದ್ದು ಎರಡನೆಯದು. ಪಂಪು ಎಷ್ಟು ಹೊತ್ತು ಓಡಬೇಕೆಂದು ಲೆಕ್ಕ ಹಾಕುವವರಿಗೆ ಮೊದಲನೆಯದು ಬೇಕು. ಹೊಲದಲ್ಲಿ ಹೂಳುವ ಉಪಕರಣಗಳಲ್ಲಿ ಬಹುತೇಕ ಎಲ್ಲವೂ ಇವೆರಡರಲ್ಲಿ ಒಂದಕ್ಕಷ್ಟೇ ಉತ್ತರ ಕೊಡುತ್ತವೆ. ಯಾವುದು ಯಾವ ಪ್ರಶ್ನೆಗೆ ಎಂದು ನೋಡದೆ ಕೊಂಡು ತಂದರೆ ತೇವ ಅಳೆಯುವ ಕೆಲಸ ಅಲ್ಲೇ ಹಳ್ಳ ಹಿಡಿಯುತ್ತದೆ.

ಹದಕ್ಕೆ ಎರಡು ಗಡಿ

ಮಣ್ಣು ಹದವಾಗಿದೆ ಅನ್ನುತ್ತೇವಲ್ಲ, ಆ ಹದಕ್ಕೆ ಮೇಲೊಂದು ಗಡಿ, ಕೆಳಗೊಂದು ಗಡಿ. ಮಣ್ಣು ಪೂರ್ತಿ ನೆನೆದ ಮೇಲೆ ದೊಡ್ಡ ರಂಧ್ರಗಳ ನೀರು ತನ್ನ ಭಾರಕ್ಕೇ ಕೆಳಗಿಳಿದು ಹೋಗುತ್ತದೆ. ಮರಳಿನಲ್ಲಿ ಇದಕ್ಕೆ ಒಂದು ದಿನ ಸಾಕು, ಜೇಡಿಯಲ್ಲಿ ಮೂರು ನಾಲ್ಕು ದಿನ ಹಿಡಿಯಬಹುದು. ಬಸಿಯುವುದು ಬಹುಮಟ್ಟಿಗೆ ನಿಂತ ಮೇಲೆ ಉಳಿಯುವ ತೇವವೇ ಫೀಲ್ಡ್ ಕೆಪಾಸಿಟಿ. ಮಣ್ಣಿನ ಹಿಡಿತವನ್ನು ಸೆಂಟಿಬಾರ್ ಎಂಬ ಒತ್ತಡದ ಅಳತೆಯಲ್ಲಿ ಹೇಳುತ್ತಾರೆ; ಆಗ ಅದು ಮರಳಿನಲ್ಲಿ ಸುಮಾರು 10 ಸೆಂಟಿಬಾರ್, ಜಿಗುಟು ಮಣ್ಣುಗಳಲ್ಲಿ 33ರ ಆಸುಪಾಸು. ಇದು ಮೇಲಿನ ಗಡಿ.

ಕೆಳಗಿನದು ಬಾಡುವ ಬಿಂದು. ರಾತ್ರಿಯಿಡೀ ತಂಪಿನಲ್ಲಿಟ್ಟರೂ ಗಿಡ ಚೇತರಿಸಿಕೊಳ್ಳದ ಹಂತ ಅದು. ಇದನ್ನು ಕಂಡುಹಿಡಿಯಲು ಹಿಂದಿನವರು ಕುಂಡದಲ್ಲಿ ಸೂರ್ಯಕಾಂತಿ ಸಸಿ ಬೆಳೆಸಿ ಬಾಡಿಸಿ ನೋಡುತ್ತಿದ್ದರು. ಈಗ ಪ್ರಯೋಗಾಲಯಗಳಲ್ಲಿ 1500 ಸೆಂಟಿಬಾರ್ ಒತ್ತಡ ಕೊಟ್ಟು ಅಳೆಯುತ್ತಾರೆ. 150 ಮೀಟರ್ ಆಳದ ಬಾವಿಯಿಂದ ನೀರು ಎಳೆಯುವಷ್ಟು ಬಲ ಎಂದರೆ ಅಂದಾಜು ಸಿಗುತ್ತದೆ.

ಎರಡು ಗಡಿಗಳ ನಡುವೆ ಇರುವುದಷ್ಟೇ ಗಿಡದ ಪಾಲಿನ ನೀರು. ಗಾತ್ರದ ಲೆಕ್ಕದಲ್ಲಿ ಮರಳು ಮಣ್ಣಿನ ಮೇಲಿನ ಗಡಿ ಸುಮಾರು 12%, ಕೆಳಗಿನದು 5%. ಗೋಡಿನಲ್ಲಿ 28 ಮತ್ತು 13. ಜೇಡಿಯಲ್ಲಿ 40 ಮತ್ತು 24. ಅಂದರೆ ಒಂದು ಮೀಟರ್ ಆಳದ ಮಣ್ಣಲ್ಲಿ ಗಿಡಕ್ಕೆ ಸಿಗುವ ನೀರು ಮರಳಿನಲ್ಲಿ 70 ಮಿಮೀ, ಗೋಡಿನಲ್ಲಿ 150, ಜೇಡಿಯಲ್ಲಿ 160. ಜೇಡಿಯೊಳಗೆ ಗೋಡಿಗಿಂತ ಎಷ್ಟೋ ಹೆಚ್ಚು ನೀರಿದ್ದರೂ ಗಿಡದ ಪಾಲಿಗೆ ಬರುವುದು ಹೆಚ್ಚುಕಡಿಮೆ ಅಷ್ಟೇ. ಉಳಿದದ್ದನ್ನು ಜೇಡಿ ತಾನೇ ಇಟ್ಟುಕೊಳ್ಳುತ್ತದೆ. ಇವೆಲ್ಲ ಸರಾಸರಿ ಅಂಕಿಗಳು, ನಿಮ್ಮ ಹೊಲದ್ದು ಇದರ ಹತ್ತಿರ ಇರಬಹುದು, ಇಲ್ಲದಿರಬಹುದು. ಗರಸು ಕಲ್ಲು ಇದ್ದರೆ ಅದರ ಪಾಲನ್ನು ಕಳೆಯಿರಿ. ಐದರಲ್ಲೊಂದು ಭಾಗ ಕಲ್ಲಿದ್ದರೆ ನೀರೂ ಐದರಲ್ಲೊಂದು ಭಾಗ ಕಡಿಮೆ.

ಮೇಲಿನ ಗಡಿಯನ್ನು ಹೊಲದಲ್ಲೇ ಕಂಡುಕೊಳ್ಳಬಹುದು, ಪ್ರಯೋಗಾಲಯ ಬೇಕಿಲ್ಲ. ಎರಡು ಮೀಟರ್ ಉದ್ದಗಲದ ಮಡಿ ಕಟ್ಟಿ, ಬೇರಿನ ಆಳಕ್ಕಿಂತ ಕೆಳಗೂ ನೆನೆಯುವಷ್ಟು ನೀರು ನಿಲ್ಲಿಸಿ. ನೀರು ಇಂಗಿದ ಕೂಡಲೇ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅದರ ಮೇಲೆ ಹುಲ್ಲೋ ಮಣ್ಣೋ ಹಾಕಿ. ಹೊದಿಸದಿದ್ದರೆ ಬಿಸಿಲಿಗೆ ಆರಿ ಲೆಕ್ಕ ತಪ್ಪುತ್ತದೆ. ಎರಡು ದಿನ ಬಿಟ್ಟು ಮಡಿಯ ನಡುವಿನಿಂದ ಬೈರಿಗೆಯಲ್ಲಿ ಮಣ್ಣು ತೆಗೆದು ತೇವ ನೋಡಿ, ಮೂರನೇ ದಿನ, ನಾಲ್ಕನೇ ದಿನವೂ ನೋಡಿ. ಇಳಿಕೆ ನಿಂತ ಅಂಕಿಯೇ ನಿಮ್ಮ ಮೇಲಿನ ಗಡಿ. ಅಂಚಿನ ಮಣ್ಣು ಬೇಡ. ಅಲ್ಲಿ ನೀರು ಪಕ್ಕಕ್ಕೆ ಹರಿದಿರುತ್ತದೆ.

ತೂಕದ ತಕ್ಕಡಿ

ಯಾವ ಸೆನ್ಸರ್ ಬಂದರೂ ಕೊನೆಗೆ ಅದರ ನಿಜ ಸುಳ್ಳು ತೀರ್ಮಾನವಾಗುವುದು ತಕ್ಕಡಿಯಲ್ಲೇ. ಮಣ್ಣು ತೆಗೆ, ತೂಗು, ಒಣಗಿಸು, ಮತ್ತೆ ತೂಗು. ವಿಧಾನ ಇಷ್ಟೇ. ತಪ್ಪಾಗುವುದು ಮಾತ್ರ ನಾಲ್ಕಾರು ಕಡೆ.

ಮೇಲಿನ ಒಣ ಪದರ ಕೆರೆದು ಹಾಕಿ, ಬೇಕಾದ ಆಳದಿಂದ ನೂರು ನೂರಿಪ್ಪತ್ತು ಗ್ರಾಂ ಮಣ್ಣು ತೆಗೆಯಿರಿ. ತೆಗೆದ ಕ್ಷಣವೇ ಗಾಳಿ ಆಡದ ಡಬ್ಬಿಗೆ ಹಾಕಿ ಮುಚ್ಚಿ. ತೆರೆದ ಚೀಲದಲ್ಲಿ ಬಿಸಿಲಲ್ಲಿ ಅರ್ಧ ಗಂಟೆ ಇದ್ದ ಮಣ್ಣನ್ನು ತೂಗಿ ಪ್ರಯೋಜನವಿಲ್ಲ. ಮುಚ್ಚಳ ತೆಗೆದ ಡಬ್ಬಿಯನ್ನು 105 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ 24 ಗಂಟೆ ಇಡಿ. ಹೊರಗೆ ತೆಗೆದು, ಮುಚ್ಚಳ ಹಾಕಿ, ಆರಿದ ಮೇಲೆ ತೂಗಿ. ಬಿಸಿ ಡಬ್ಬಿಯ ಸುತ್ತ ಗಾಳಿ ಮೇಲೇಳುವುದರಿಂದ ತಕ್ಕಡಿ ಕಡಿಮೆ ತೋರಿಸುತ್ತದೆ, ಮುಚ್ಚದೆ ಆರಿಸಿದರೆ ಮಣ್ಣು ಗಾಳಿಯ ತೇವ ಹೀರಿ ಹೆಚ್ಚು ತೋರಿಸುತ್ತದೆ. ಜಿಪ್ಸಮ್ ಇರುವ ಮಣ್ಣಾದರೆ 105 ಡಿಗ್ರಿ ಬೇಡ. ಜಿಪ್ಸಮ್ ಹರಳಿನೊಳಗಿನ ನೀರೂ ಹೊರಬಂದು ಮಣ್ಣು ಇರುವುದಕ್ಕಿಂತ ಹಸಿ ಎಂದು ಕಾಣುತ್ತದೆ, 60 ಡಿಗ್ರಿಯ ಸುತ್ತ ಹೆಚ್ಚು ಹೊತ್ತು ಇಡಬೇಕು. ಮೈಕ್ರೋವೇವ್‌ನಲ್ಲಿ ಎರಡೆರಡು ನಿಮಿಷ ಬಿಸಿ ಮಾಡುತ್ತ, ತೂಕ ಇಳಿಯುವುದು ನಿಲ್ಲುವವರೆಗೆ ನೋಡುವುದೂ ಕೆಲಸಕ್ಕೆ ಬರುತ್ತದೆ. ಆದರೆ ಲೋಹದ ಡಬ್ಬಿ ಇಡಬೇಡಿ, ಗೊಬ್ಬರ ಹೆಚ್ಚಿರುವ ಮಣ್ಣು ಸುಟ್ಟ ವಾಸನೆ ಬಂದರೆ ಆ ಮಾದರಿ ಕೆಟ್ಟಿತು ಅಂತಲೇ.

ಲೆಕ್ಕ ನೋಡಿ. ಖಾಲಿ ಡಬ್ಬಿ 30 ಗ್ರಾಂ. ಹಸಿ ಮಣ್ಣು ಸಮೇತ 164, ಒಣಗಿದ ಮೇಲೆ 145. ಹೋದ ನೀರು 19 ಗ್ರಾಂ, ಒಣ ಮಣ್ಣು 115 ಗ್ರಾಂ. 19ನ್ನು 115ರಿಂದ ಭಾಗಿಸಿದರೆ 16.5%. ಭಾಗಿಸಬೇಕಾದ್ದು ಒಣ ಮಣ್ಣಿನ ತೂಕದಿಂದ, ಹಸಿ ಮಣ್ಣಿನದರಿಂದಲ್ಲ. ಈ ಎಡವಟ್ಟು ತುಂಬ ಸಾಮಾನ್ಯ.

ಈ 16.5 ತೂಕದ ಲೆಕ್ಕ. ನೀರಾವರಿಗೆ ಬೇಕಾದ್ದು ಗಾತ್ರದ ಲೆಕ್ಕ, ಅದಕ್ಕೆ ಮಣ್ಣಿನ ಸಾಂದ್ರತೆ ಗೊತ್ತಿರಬೇಕು. 5 ಸೆಂಮೀ ವ್ಯಾಸ, 5 ಸೆಂಮೀ ಎತ್ತರದ ಉಕ್ಕಿನ ಬಳೆಯೊಂದನ್ನು ಮಣ್ಣಿಗೆ ನೇರವಾಗಿ ಇಳಿಸಿ, ಸುತ್ತಲಿನ ಮಣ್ಣು ಬಿಡಿಸಿ ಎತ್ತಿ, ಎರಡೂ ತುದಿ ಚಾಕುವಿನಿಂದ ಸಮ ಮಾಡಿ. ಬಳೆಯ ಒಳಗಾತ್ರ 98 ಘನ ಸೆಂಮೀ. ಒಣಗಿಸಿದ ಮೇಲೆ 128 ಗ್ರಾಂ ಬಂದರೆ ಸಾಂದ್ರತೆ 1.3. ಬಳೆಯನ್ನು ಸುತ್ತಿಗೆಯಿಂದ ಜಜ್ಜಿ ಇಳಿಸಿದರೆ ಮಣ್ಣು ಒಳಗೇ ಒತ್ತಿಕೊಂಡು ಅಂಕಿ ಏರುತ್ತದೆ. ಒಳಗಿನ ಮಣ್ಣಿನ ಮಟ್ಟ ಹೊರಗಿನದಕ್ಕಿಂತ ತಗ್ಗಿದ್ದರೆ ಆ ಮಾದರಿ ಬಿಸಾಡಿ. ಕಲ್ಲು ನೆಲದಲ್ಲಿ ಬಳೆ ಇಳಿಯುವುದಿಲ್ಲ. ಅಲ್ಲಿ ಸಣ್ಣ ಗುಂಡಿ ತೋಡಿ, ತೋಡಿದ ಮಣ್ಣನ್ನೆಲ್ಲ ಒಣಗಿಸಿ ತೂಗಿ, ಗುಂಡಿಗೆ ತೆಳು ಪ್ಲಾಸ್ಟಿಕ್ ಹಾಸಿ ಎಷ್ಟು ನೀರು ಹಿಡಿಯಿತೆಂದು ಅಳೆದರೆ ಗಾತ್ರ ಸಿಕ್ಕಿತು.

16.5ನ್ನು 1.3ರಿಂದ ಗುಣಿಸಿದರೆ 21.5%. ಮೇಲಿನ 30 ಸೆಂಮೀ, ಅಂದರೆ 300 ಮಿಮೀ ಪದರಕ್ಕೆ 64 ಮಿಮೀ ನೀರು. ಈ ಗೋಡು ಮಣ್ಣಿನ ಮೇಲಿನ ಗಡಿ 28% ಆದ್ದರಿಂದ ಅದೇ ಪದರ ಹಿಡಿಯಬಲ್ಲದ್ದು 84 ಮಿಮೀ. ಕೊರತೆ 20 ಮಿಮೀ. ಒಂದು ಮಿಮೀ ಅಂದರೆ ಚದರ ಮೀಟರಿಗೆ ಒಂದು ಲೀಟರ್, ಹೆಕ್ಟೇರಿಗೆ 10,000 ಲೀಟರ್, ಎಕರೆಗೆ 4,047 ಲೀಟರ್. ನೀರಿನ ಮಾತನ್ನು ಮಿಮೀಯಲ್ಲಿ ಆಡುವುದು ಅಭ್ಯಾಸವಾದರೆ ಮಳೆ, ಆವಿ, ಬೇರಿನ ದಾಹ, ಪಂಪಿನ ನೀರು ಎಲ್ಲವೂ ಒಂದೇ ಪುಸ್ತಕದಲ್ಲಿ ಕೂಡಿ ಕಳೆಯಲು ಸಿಗುತ್ತವೆ.

ಕೈ ಮತ್ತು ಸಲಾಕೆ

ತಕ್ಕಡಿ ದಿನಾ ಆಗುವ ಕೆಲಸವಲ್ಲ. ಬೇರಿನ ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡುವುದು ಅಭ್ಯಾಸವಾದರೆ ಬಹಳ ದೂರ ಹೋಗಬಹುದು. ಗೋಡು ಮಣ್ಣಿನ ಉಂಡೆ ಕಟ್ಟಿ ಅಂಗೈ ಬಿಚ್ಚಿದಾಗ ಕೈಗೆ ತೇವದ ಗುರುತು ಉಳಿದರೆ ಗಿಡದ ಪಾಲಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ಇದೆ. ಉಂಡೆ ಗಟ್ಟಿಯಾಗಿದ್ದು, ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದಾಗ ಚಿಕ್ಕ ಪಟ್ಟಿಯಾಗಿ ಬಂದರೂ ಕೈ ನೆನೆಯದಿದ್ದರೆ ಅರ್ಧದಿಂದ ಮುಕ್ಕಾಲು. ಉಂಡೆ ಆಗುತ್ತದೆ, ಆದರೆ ಎರಡು ಸಲ ಮೇಲೆಸೆದು ಹಿಡಿದರೆ ಒಡೆಯುತ್ತದೆ ಅಂದರೆ ಅರ್ಧಕ್ಕಿಂತ ಕಡಿಮೆ. ಉಂಡೆಯೇ ಆಗದಿದ್ದರೆ ಕಾಲು ಭಾಗವೂ ಉಳಿದಿಲ್ಲ. ಮರಳು ಎಷ್ಟು ಹಸಿಯಿದ್ದರೂ ಪಟ್ಟಿ ಬರುವುದಿಲ್ಲ, ಜೇಡಿ ಅರ್ಧ ಒಣಗಿದ್ದಾಗಲೂ ಬರುತ್ತದೆ. ಹಾಗಾಗಿ ಮೊದಲ ಕೆಲವು ಸಲ ಕೈ ಹೇಳಿದ್ದನ್ನು ತಕ್ಕಡಿಯ ಮುಂದೆ ಇಟ್ಟು ಕೈಯನ್ನು ಪಳಗಿಸಬೇಕು.

ಇನ್ನೊಂದು, ನನ್ನ ಮಟ್ಟಿಗೆ ಎಲ್ಲ ಎಲೆಕ್ಟ್ರಾನಿಕ್ಸಿಗಿಂತ ಮೊದಲು ಹೊಲಕ್ಕೆ ಬರಬೇಕಾದ ಉಪಕರಣ: ಬೆರಳು ದಪ್ಪದ, ಒಂದು ಮೀಟರ್ ಉದ್ದದ ಉಕ್ಕಿನ ಸಲಾಕೆ. ಮೇಲೆ ಅಡ್ಡ ಹಿಡಿ, ಕೆಳತುದಿಗೆ ಸಲಾಕೆಗಿಂತ ಸ್ವಲ್ಪವೇ ದಪ್ಪನೆಯ ಉಕ್ಕಿನ ಗುಂಡು ಬೆಸೆದಿರಬೇಕು. ಗುಂಡು ದಪ್ಪವಿದ್ದರೆ ಸಲಾಕೆಯ ಮೈ ಮಣ್ಣಿಗೆ ಉಜ್ಜುವುದಿಲ್ಲ, ತುದಿಗೆ ಬಂದ ತಡೆ ಮಾತ್ರ ಕೈಗೆ ಗೊತ್ತಾಗುತ್ತದೆ. ನೀರು ಕೊಟ್ಟ ಮರುದಿನ ಮೈಭಾರ ಬಿಟ್ಟು ಒತ್ತಿ. ನೆನೆದಷ್ಟು ಆಳಕ್ಕೆ ಬೆಣ್ಣೆಯಂತೆ ಇಳಿದು, ಒಣ ಮಣ್ಣು ಸಿಕ್ಕಲ್ಲಿ ಟಕ್ಕನೆ ನಿಲ್ಲುತ್ತದೆ. ಬೇರು 60 ಸೆಂಮೀ ಇದ್ದು ಸಲಾಕೆ 25ಕ್ಕೇ ನಿಂತರೆ ನೀರು ಸಾಲದು, ಹಿಡಿಯವರೆಗೂ ಇಳಿದರೆ ದಂಡ. ಹೊಲದ ಇಪ್ಪತ್ತು ಕಡೆ ಚುಚ್ಚಲು ಹತ್ತು ನಿಮಿಷ ಸಾಕು. ಇಪ್ಪತ್ತು ಕಡೆ ಸೆನ್ಸರ್ ಹೂಳಲು ಯಾರಿಂದಾದೀತು? ಸಲಾಕೆ ಎಲ್ಲ ಕಡೆ ಒಂದೇ ಆಳಕ್ಕೆ ನಿಂತರೆ ಮಾತ್ರ ಗುದ್ದಲಿ ಹಿಡಿದು ಅಗೆದು ನೋಡಿ. ಅದು ಒಣ ಮಣ್ಣಲ್ಲ, ಉಳುಮೆಯ ಭಾರಕ್ಕೆ ಗಟ್ಟಿಯಾದ ಪದರವಿರಬಹುದು. ಬೇರೂ ಅಲ್ಲೇ ನಿಂತಿರುತ್ತದೆ.

ಟೆನ್ಶಿಯೋಮೀಟರ್: ಹಿಡಿತವನ್ನು ಅಳೆಯುವುದು

ಬಿಗಿತದ ಪ್ರಶ್ನೆಗೆ ನೇರ ಉತ್ತರ ಕೊಡುವುದು ಇದೊಂದೇ. ನೀರು ತುಂಬಿದ ಕೊಳವೆ, ತಳದಲ್ಲಿ ಸಣ್ಣ ರಂಧ್ರಗಳ ಪಿಂಗಾಣಿ ಬಟ್ಟಲು, ಮೇಲೆ ನಿರ್ವಾತ ಮಾಪಕ. ಮಣ್ಣು ಒಣಗಿದಂತೆ ಬಟ್ಟಲಿನ ಮೂಲಕ ಕೊಳವೆಯ ನೀರನ್ನು ಎಳೆಯುತ್ತದೆ, ಆ ಎಳೆತವನ್ನು ಮುಳ್ಳು ತೋರಿಸುತ್ತದೆ. ಬೇರು ಎದುರಿಸುತ್ತಿರುವುದೂ ಇದೇ ಎಳೆತ. ಹಾಗಾಗಿ ಮಣ್ಣು ಯಾವುದೆಂದು ಹೇಳದೆಯೂ ಅಂಕಿಗೆ ಅರ್ಥವಿದೆ.

0ಯಿಂದ 10 ಸೆಂಟಿಬಾರ್ ಅಂದರೆ ಮಣ್ಣು ತುಂಬಿದೆ, ಹಲವು ದಿನ ಅಲ್ಲೇ ನಿಂತಿದ್ದರೆ ಬೇರಿಗೆ ಉಸಿರಾಟ ಕಷ್ಟ. ಮರಳಿನಲ್ಲಿ 15ರಿಂದ 25ಕ್ಕೆ ನೀರು ಕೊಡಬೇಕು, ಗೋಡಿನಲ್ಲಿ 30ರಿಂದ 50, ಜೇಡಿಯಲ್ಲಿ 50ರಿಂದ 70. ಈರುಳ್ಳಿ, ಮೆಣಸಿನಕಾಯಿಯಂಥ ಸೂಕ್ಷ್ಮ ಬೆಳೆಗೆ ಕೆಳ ಅಂಚು, ಹತ್ತಿ, ಜೋಳದಂಥವಕ್ಕೆ ಮೇಲಂಚು. ಸುಮಾರು 80 ದಾಟಿದರೆ ಕೊಳವೆಯೊಳಗೆ ಗಾಳಿ ಸೇರಿ ಮುಳ್ಳು ಸೊನ್ನೆಗೆ ಬೀಳುತ್ತದೆ. ದೂರದಿಂದ ನೋಡಿದವರಿಗೆ ಸೊನ್ನೆ ಅಂದರೆ ಹಸಿ! ಮಣ್ಣು ಸುಟ್ಟು ಒಣಗಿದಾಗಲೇ ಉಪಕರಣ ತಂಪಾಗಿದೆ ಎನ್ನುವುದು ಇದರ ದೊಡ್ಡ ಮೋಸ. ಕೊಳವೆಯ ನೀರಿನ ಮಟ್ಟವನ್ನೂ ನೋಡದೆ ಅಂಕಿ ನಂಬಬಾರದು.

ಕೂರಿಸುವಾಗ ಅವಸರ ಬೇಡ. ಪಿಂಗಾಣಿ ಬಟ್ಟಲನ್ನು ಹಿಂದಿನ ರಾತ್ರಿಯೇ ನೀರಲ್ಲಿ ನೆನೆಹಾಕಿ. ತುಂಬುವ ನೀರನ್ನು ಕುದಿಸಿ ಆರಿಸಿರಬೇಕು, ಹಸಿ ನೀರಲ್ಲಿ ಕರಗಿರುವ ಗಾಳಿ ಎಳೆತಕ್ಕೆ ಗುಳ್ಳೆಯಾಗಿ ಹೊರಬರುತ್ತದೆ. ಕೈಪಂಪಿನಿಂದ ಎಳೆದು ಗುಳ್ಳೆ ತೆಗೆದು ಮತ್ತೆ ತುಂಬಿ. ಆಮೇಲೆ ಬಟ್ಟಲನ್ನು ಗಾಳಿಯಲ್ಲಿ ಹಿಡಿಯಿರಿ, ಮುಳ್ಳು ಏರಬೇಕು. ಮತ್ತೆ ನೀರಲ್ಲಿಟ್ಟರೆ ಇಳಿಯಬೇಕು. ಏರದಿದ್ದರೆ ಎಲ್ಲೋ ಸೋರುತ್ತಿದೆ, ಹೆಚ್ಚಿನ ಸಲ ಮೇಲಿನ ಮುಚ್ಚಳದ ರಬ್ಬರ್ ಉಂಗುರ. ನೆಲದಲ್ಲಿ ಕೊಳವೆಯಷ್ಟೇ ಅಗಲದ ರಂಧ್ರ ಕೊರೆದು, ಆ ಆಳದ ಮಣ್ಣನ್ನೇ ನೀರಲ್ಲಿ ಕಲಸಿ ಗಂಜಿಯಷ್ಟು ತೆಳ್ಳಗೆ ಮಾಡಿ ತಳಕ್ಕೆ ಸುರಿದು, ಬಟ್ಟಲನ್ನು ಅದರಲ್ಲಿ ಒತ್ತಿ ಕೂರಿಸಿ. ಮೇಲೆ ಕೊಳವೆಯ ಸುತ್ತ ಮಣ್ಣು ದಿಬ್ಬ ಮಾಡಿ ತುಳಿಯಿರಿ, ಇಲ್ಲವಾದರೆ ನೀರು ಕೊಳವೆಯ ಪಕ್ಕದಲ್ಲೇ ಇಳಿದು ಬಟ್ಟಲಿಗೆ ನೇರ ಮುಟ್ಟುತ್ತದೆ. ಮೊದಲ ದಿನದ ಅಂಕಿ ಲೆಕ್ಕಕ್ಕಿಲ್ಲ. ಓದುವುದು ಬೆಳಗ್ಗೆ, ದಿನಾ ಒಂದೇ ಹೊತ್ತಿಗೆ. ಮಾಪಕದಿಂದ ಬಟ್ಟಲಿಗೆ ಇರುವ ಪ್ರತಿ 10 ಸೆಂಮೀ ನೀರಿನ ಕಂಬಕ್ಕೆ 1 ಸೆಂಟಿಬಾರ್ ಕಳೆಯಬೇಕು. 60 ಸೆಂಮೀ ಕೊಳವೆಯಲ್ಲಿ 6 ಕಳೆದರೆ ನಿಜವಾದ ಹಿಡಿತ ಸಿಗುತ್ತದೆ. ಮರಳು ಮಣ್ಣಲ್ಲಿ ಈ 6 ಸಣ್ಣದೇನಲ್ಲ.

ಬಹಳ ಒಣಗುವ ನೆಲಕ್ಕೆ ಜಿಪ್ಸಮ್ ಸೇರಿಸಿದ ಹರಳಿನ ಸೆನ್ಸರುಗಳಿವೆ, 200 ಸೆಂಟಿಬಾರ್‌ವರೆಗೂ ಓದುತ್ತವೆ, ನೀರು ತುಂಬಿಸುವ ತಾಪತ್ರಯವಿಲ್ಲ. ಆದರೆ ತೀರಾ ಹಸಿ ಇದ್ದಾಗ, 10ರೊಳಗೆ, ಅವು ಮೊಂಡು. ಒರಟು ಮರಳಿನಲ್ಲಿ ಇವನ್ನು ನೆಚ್ಚಬೇಡಿ.

ವಿದ್ಯುತ್ ಸೆನ್ಸರಿನ ಮಾತು

ವಿದ್ಯುತ್ ಕ್ಷೇತ್ರದಲ್ಲಿ ಒಂದು ವಸ್ತು ಎಷ್ಟು ವಿದ್ಯುತ್ ಶಕ್ತಿ ಹಿಡಿದಿಡುತ್ತದೆ ಎಂಬ ಅಳತೆಗೆ ಡೈಎಲೆಕ್ಟ್ರಿಕ್ ಬೆಲೆ ಎನ್ನುತ್ತಾರೆ. ನೀರಿನದು ಸುಮಾರು 80, ಮಣ್ಣಿನ ಕಣಗಳದು 3ರಿಂದ 5, ಗಾಳಿಯದು 1. ಈ ಅಜಗಜಾಂತರವೇ ಕೆಪಾಸಿಟೆನ್ಸ್ ಮತ್ತು ಟಿಡಿಆರ್ (ವಿದ್ಯುತ್ ಅಲೆ ಪಿನ್ನಿನಲ್ಲಿ ಹೋಗಿ ಬರುವ ಸಮಯ ಅಳೆಯುವ) ಸೆನ್ಸರುಗಳ ಬಂಡವಾಳ. ಇವು ಹೇಳುವುದು ಎಷ್ಟು ನೀರಿದೆ ಎಂದು, ಹಿಡಿತದ ಬಗ್ಗೆ ಇವಕ್ಕೆ ಗೊತ್ತಿಲ್ಲ. ಪಿನ್ನಿನ ಸುತ್ತ ಕೆಲವೇ ಸೆಂಮೀ ಮಣ್ಣನ್ನು ಮಾತ್ರ ಕಾಣುತ್ತವೆ, ಅದರಲ್ಲೂ ಪಿನ್ನಿಗೆ ಅಂಟಿದ ಪದರಕ್ಕೇ ಹೆಚ್ಚು ಕಿವಿಗೊಡುತ್ತವೆ. ಪಿನ್ನಿನ ಪಕ್ಕ ಕೂದಲೆಳೆಯಷ್ಟು ಗಾಳಿ ಸಂದಿದ್ದರೂ ಒಣ ಎನ್ನುತ್ತವೆ, ಆ ಸಂದಿಯಲ್ಲಿ ನೀರು ನಿಂತರೆ ಕೆರೆ ಎನ್ನುತ್ತವೆ. ಪಿನ್ನುಗಳನ್ನು ಅಲ್ಲಾಡಿಸದೆ, ಗುಂಡಿಯ ಪಕ್ಕದ ಗೋಡೆಯ ಕೆಡಿಸದ ಮಣ್ಣಿಗೆ ಅಡ್ಡಲಾಗಿ ಚುಚ್ಚಿ. ತಂತಿಯನ್ನು ಸೆನ್ಸರಿಗಿಂತ ಕೆಳಕ್ಕೆ ಒಮ್ಮೆ ಬಳಸಿ ಮೇಲೆ ತನ್ನಿ, ತಂತಿ ಹಿಡಿದು ಇಳಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಲಿ.

ಎರಡು ಲೋಹದ ಕಾಲಿನ ಅಗ್ಗದ ಸೆನ್ಸರ್ ಬರುತ್ತದಲ್ಲ, ಅದು ಕೆಪಾಸಿಟೆನ್ಸ್ ಅಲ್ಲ, ಮಣ್ಣಿನ ಮೂಲಕ ವಿದ್ಯುತ್ ಹರಿಸಿ ಅದರ ತಡೆ ಅಳೆಯುವ ರೆಸಿಸ್ಟೆನ್ಸ್. ಸದಾ ವಿದ್ಯುತ್ ಹರಿಯುತ್ತಿದ್ದರೆ ವಾರಗಳಲ್ಲೇ ತಾಮ್ರ ತಿಂದುಹೋಗುತ್ತದೆ, ಗೊಬ್ಬರ ಹಾಕಿದ ದಿನ ಮಣ್ಣು ಹಸಿಯಾಗಿದೆ ಎಂದು ಸುಳ್ಳು ಹೇಳುತ್ತದೆ. ಅದರ ಮೇಲೆ ವಾಲ್ವ್ ಬಿಡುವ ಆಟೊಮೇಶನ್ ಕಟ್ಟುವುದು ಮೂರ್ಖತನ. ಲೋಹ ಹೊರಗೆ ಕಾಣದ ಕಪ್ಪು ಪಟ್ಟಿಯ ಕೆಪಾಸಿಟೆನ್ಸ್ ಬೋರ್ಡು ವಾಸಿ. ಆದರೆ ಅದರ ಕತ್ತರಿಸಿದ ಅಂಚು ನೀರು ಹೀರುತ್ತದೆ, ಮೇಲ್ಭಾಗದ ಬಿಡಿಭಾಗಗಳಿಗೆ ಹೊದಿಕೆಯೇ ಇರುವುದಿಲ್ಲ. ಹೂಳುವ ಮುನ್ನ ಅಂಚಿಗೆ ಎಪಾಕ್ಸಿಯನ್ನೋ ವಾರ್ನಿಷನ್ನೋ ಎರಡು ಸಲ ಬಳಿಯಬೇಕು.

ಕಾರ್ಖಾನೆಯ ಅಂಕಿ ನಿಮ್ಮ ಮಣ್ಣಿನದಲ್ಲ. ಹೊಂದಿಸುವುದು ಹೀಗೆ: ಸೆನ್ಸರ್ ಹೂಳುವ ಆಳದ ಮಣ್ಣನ್ನೇ ಒಣಗಿಸಿ ಹೆಂಟೆ ಒಡೆದುಕೊಳ್ಳಿ. ನಾಲ್ಕು ಲೀಟರ್ ಪ್ಲಾಸ್ಟಿಕ್ ಪಾತ್ರೆಗೆ, ಸಾಂದ್ರತೆ 1.3 ಆದರೆ, ಸರಿಯಾಗಿ 5.2 ಕೆಜಿ ಮಣ್ಣು ಪದರ ಪದರವಾಗಿ ಒತ್ತಿ ತುಂಬಿ, ಸೆನ್ಸರ್ ಓದಿ. ಹೊರಗೆ ಸುರಿದು 400 ಮಿಲೀ ನೀರು ಚಿಮುಕಿಸಿ ಚೆನ್ನಾಗಿ ಕಲಸಿ, ಮುಚ್ಚಿಟ್ಟು, ಮರುದಿನ ಅದೇ ಗಾತ್ರಕ್ಕೆ ಒತ್ತಿ ಓದಿದರೆ ಅದು 10%. ಇನ್ನೊಂದು 400 ಮಿಲೀಗೆ 20%, ಇನ್ನೊಂದಕ್ಕೆ 30%. ನಾಲ್ಕು ಚುಕ್ಕಿ ಸೇರಿಸಿದ ಗೆರೆ ನಿಮ್ಮ ಸ್ವಂತದ್ದು. ಗಾಳಿಗೆ ಒಣಗಿದ ಮಣ್ಣಲ್ಲೂ ಒಂದಷ್ಟು ತೇವ ಇರುತ್ತದೆ, ಅದನ್ನು ಮೊದಲೇ ಒಲೆಯಲ್ಲಿ ನೋಡಿ ಲೆಕ್ಕಕ್ಕೆ ಸೇರಿಸಿ. ಬಿರಿಯುವ ಎರೆ ಮಣ್ಣಲ್ಲಿ ಈ ಗೆರೆಯೂ ಪೂರ್ತಿ ನಿಲ್ಲದು. ಒಣಗಿದಂತೆ ಮಣ್ಣೇ ಕುಗ್ಗಿ ಪಿನ್ನಿನಿಂದ ದೂರ ಸರಿಯುತ್ತದೆ.

ಗೆರೆ ಓದುವುದು

ಗಂಟೆಗೊಮ್ಮೆ ಓದುವ ಸೆನ್ಸರ್ ಇದ್ದರೆ ಅಂಕಿಗಿಂತ ಗೆರೆಯ ಆಕಾರಕ್ಕೆ ಬೆಲೆ ಹೆಚ್ಚು. ಬೇರು ನೀರು ಕುಡಿಯುತ್ತಿದ್ದರೆ ಗೆರೆ ಮೆಟ್ಟಿಲಿನಂತೆ ಇಳಿಯುತ್ತದೆ: ಹಗಲು ಇಳಿತ, ರಾತ್ರಿ ಸಮ. ಹಗಲು ರಾತ್ರಿ ಎನ್ನದೆ ಜಾರುತ್ತಿದ್ದರೆ ಅದು ಬೇರಲ್ಲ, ನೀರು ಬಸಿದುಹೋಗುತ್ತಿದೆ. ನೀರು ಕೊಟ್ಟ ಮೇಲೆ ಜಾರಿಕೆ ನಿಂತು ಮೆಟ್ಟಿಲು ಶುರುವಾಗುವ ಜಾಗವೇ ಮೇಲಿನ ಗಡಿ. ಮುಂದೆ, ಬಿಸಿಲು ಅಷ್ಟೇ ಇದ್ದರೂ ಮೆಟ್ಟಿಲುಗಳು ದಿನದಿಂದ ದಿನಕ್ಕೆ ಗಿಡ್ಡವಾಗತೊಡಗಿದರೆ ಬೇರಿಗೆ ನೀರು ಕಷ್ಟವಾಗುತ್ತಿದೆ. ಮೊದಲ ಗಿಡ್ಡ ಮೆಟ್ಟಿಲಿಗಿಂತ ಸ್ವಲ್ಪ ಮೇಲೆ ಗೆರೆ ಎಳೆಯಿರಿ, ನೀರು ಕೊಡುವ ಮಟ್ಟ ಅದು. ಸೆನ್ಸರಿನ ಅಂಕಿ ಎರಡು ಮೂರು ಶೇಕಡಾ ತಪ್ಪಿದ್ದರೂ ಈ ಎರಡು ಗೆರೆಗಳು ತಪ್ಪುವುದಿಲ್ಲ, ಏಕೆಂದರೆ ತಪ್ಪು ಎರಡರಲ್ಲೂ ಒಂದೇ. ಎಲೆ ಬಾಡುವವರೆಗೆ ಕಾಯಬೇಕಿಲ್ಲ.

ಇದಕ್ಕೆ ಎರಡು ಆಳ ಬೇಕೇ ಬೇಕು. ಒಂದು ಬೇರಿನ ಆಳದ ಮೂರನೇ ಒಂದು ಭಾಗದಲ್ಲಿ, ಇನ್ನೊಂದು ಬೇರು ಮುಗಿಯುವಲ್ಲಿ. ಮೇಲಿನದು ಯಾವಾಗ ಎಂದು ಹೇಳುತ್ತದೆ, ಕೆಳಗಿನದು ಎಷ್ಟು ಎಂದು. ಪ್ರತಿ ನೀರಿಗೂ ಕೆಳಗಿನದು ಕುಣಿದರೆ ನೀರೂ ಗೊಬ್ಬರವೂ ಕೆಳಗೆ ಹೋಗುತ್ತಿವೆ. ವಾರಗಟ್ಟಲೆ ಇಳಿಯುತ್ತಲೇ ಇದ್ದರೆ ಕೊಡುವುದು ಸಾಲುತ್ತಿಲ್ಲ. ಹನಿ ನೀರಾವರಿಯಲ್ಲಿ ನೀರು ತೊಟ್ಟಿಕ್ಕುವ ಹನಿಕೆಯಿಂದ 10ರಿಂದ 15 ಸೆಂಮೀ ದೂರ, ಗಿಡದ ಸಾಲಿನಲ್ಲೇ ಇರಲಿ. ಹನಿಕೆಯ ಬುಡದಲ್ಲಿಟ್ಟರೆ ಸದಾ ಹಸಿ, ಸಾಲುಗಳ ನಡುವೆ ಇಟ್ಟರೆ ಸದಾ ಒಣ. ಹೊಲದ ಅಂಚು, ತಗ್ಗು, ಸೊರಗಿದ ಗಿಡದ ಬುಡ ಬೇಡ.

ಎಷ್ಟು, ಎಷ್ಟು ದಿನಕ್ಕೆ

ಗಿಡದ ಪಾಲಿನ ನೀರನ್ನೆಲ್ಲ ಮುಗಿಸುವವರೆಗೆ ಕಾಯುವಂತಿಲ್ಲ. ಅದರಲ್ಲಿ ಎಷ್ಟು ಪಾಲು ಖಾಲಿಯಾಗಲು ಬಿಡಬಹುದು ಎಂಬ ಬೆಳೆವಾರು ಮಿತಿಗಳು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) 1998ರ 56ನೇ ಕೈಪಿಡಿಯಲ್ಲಿವೆ: ಈರುಳ್ಳಿ 0.30, ಆಲೂಗಡ್ಡೆ 0.35, ಟೊಮೆಟೊ 0.40, ಮುಸುಕಿನ ಜೋಳ 0.55, ಹತ್ತಿ 0.65. ಇವು ದಿನಕ್ಕೆ 5 ಮಿಮೀ ನೀರು ಹೋಗುವ ಹವೆಯ ಅಂಕಿಗಳು. ಅದಕ್ಕಿಂತ ಪ್ರತಿ ಮಿಮೀ ಹೆಚ್ಚಾದರೆ 0.04 ಕಳೆಯಬೇಕು, ಕಡಿಮೆಯಾದರೆ ಕೂಡಬೇಕು.

ಗೋಡು ಮಣ್ಣು, ಟೊಮೆಟೊ, ಬೇರು 60 ಸೆಂಮೀ ಎಂದುಕೊಳ್ಳಿ. ಮೀಟರಿಗೆ 150ರಂತೆ 90 ಮಿಮೀ ಗಿಡದ ಪಾಲು. ಮೂಲ ಆವಿಯಾಗುವಿಕೆ (ನೆಲ ಮುಚ್ಚಿದ ಹಸಿರು ಹುಲ್ಲಿನಿಂದ ಹೋಗುವ ನೀರು) ದಿನಕ್ಕೆ 5 ಮಿಮೀ, ಅದನ್ನು ಕಾಯಿ ಕಟ್ಟುವ ಹಂತದ ಬೆಳೆ ಗುಣಾಂಕ 1.15ರಿಂದ ಗುಣಿಸಿದರೆ ಬೆಳೆಯ ಬೇಡಿಕೆ 5.75 ಮಿಮೀ. ಮಿತಿ 0.40ರಿಂದ 0.37ಕ್ಕೆ ಇಳಿಯುತ್ತದೆ. 90ರಲ್ಲಿ 33 ಮಿಮೀ ಖಾಲಿ ಆಗಲು ಬಿಡಬಹುದು, ಅಂದರೆ ಐದಾರು ದಿನ. ಇದೇ ಬೆಳೆ ಮರಳಿನಲ್ಲಿದ್ದರೆ 42ರಲ್ಲಿ 15 ಮಿಮೀ, ಎರಡೂವರೆ ದಿನ. ತಿಂಗಳಿಗೆ ಬೇಕಾದ ನೀರು ಎರಡಕ್ಕೂ ಒಂದೇ, ತುತ್ತು ಮಾತ್ರ ಚಿಕ್ಕದು. ಮರಳಿಗೆ ನೀರು ಹೆಚ್ಚು ಬೇಕು ಎಂಬ ಮಾತು ಹುಟ್ಟಿದ್ದು ದೊಡ್ಡ ತುತ್ತು ಕೊಟ್ಟು ಅರ್ಧ ಕೆಳಗೆ ಕಳೆದುಕೊಳ್ಳುವವರಿಂದ.

33 ಮಿಮೀ ಎಕರೆಗೆ ಸುಮಾರು 1,33,500 ಲೀಟರ್. ಪಂಪು ಎಷ್ಟು ಕೊಡುತ್ತದೆಂದು ಅದರ ಮೇಲಿನ ಚೀಟಿ ನೋಡಬೇಡಿ, ಡ್ರಮ್ ಇಟ್ಟು ಅಳೆಯಿರಿ. 200 ಲೀಟರ್ ಡ್ರಮ್ 40 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 5 ಲೀಟರ್, ಗಂಟೆಗೆ 18,000. ಏಳೂವರೆ ಗಂಟೆ ಬೇಕಾಯಿತು. ಸಾಲಿನಲ್ಲಿ ಹರಿಸುವುದಾದರೆ ನೂರಕ್ಕೆ ಅರವತ್ತು ಬೇರಿಗೆ ಸೇರಿದರೆ ಹೆಚ್ಚು, ಹಾಗಾಗಿ ಹನ್ನೆರಡೂವರೆ ಗಂಟೆ.

ಹನಿಯಲ್ಲಿ ಇನ್ನೊಂದು ತಿರುವು ಇದೆ, ಬಹಳ ಜನ ಎಡವುವುದೂ ಇಲ್ಲೇ. ಗಂಟೆಗೆ 4 ಲೀಟರ್ ಹನಿಕೆ, 60 ಸೆಂಮೀಗೆ ಒಂದು, ಸಾಲಿನ ಅಂತರ 1.5 ಮೀಟರ್ ಇದ್ದರೆ ಒಂದು ಹನಿಕೆಗೆ 0.9 ಚದರ ಮೀಟರ್, ಗಂಟೆಗೆ 4.4 ಮಿಮೀ. ದಿನದ ಬೇಡಿಕೆ, ನೂರಕ್ಕೆ ಹತ್ತು ನಷ್ಟ ಸೇರಿ, 6.4 ಮಿಮೀ. ಅಂದರೆ ಒಂದೂವರೆ ಗಂಟೆಗೆ ಸ್ವಲ್ಪ ಕಡಿಮೆ. ಆದರೆ ನೆನೆಯುವುದು ನೆಲದ 40% ಮಾತ್ರವಾದರೆ ಕಾಯುವ ಮಿತಿಯೂ 33ರ 40%, ಬರಿಯ 13 ಮಿಮೀ. ಎರಡು ದಿನಕ್ಕಿಂತ ಹೆಚ್ಚು ಬಿಡುವಂತಿಲ್ಲ. ಹರಿ ನೀರಿನ ಅಭ್ಯಾಸದಲ್ಲಿ ಹನಿಯನ್ನೂ ಐದು ದಿನಕ್ಕೊಮ್ಮೆ ಏಳು ಗಂಟೆ ಬಿಟ್ಟರೆ ಗಿಡ ಒಮ್ಮೆ ಮುಳುಗಿ, ಆಮೇಲೆ ಮೂರು ದಿನ ಒಣಗುತ್ತದೆ. ಆಮೇಲೆ ಬೈಗುಳ ಹನಿ ಪೈಪಿಗೆ.

ಆವಿಯ ಅಂಕಿ ಹವಾಮಾನ ಕೇಂದ್ರದಿಂದ ಸಿಗದಿದ್ದರೆ 120.7 ಸೆಂಮೀ ವ್ಯಾಸ, 25 ಸೆಂಮೀ ಆಳದ ಆವಿ ಬಾಣಲೆ ಇಟ್ಟು ದಿನಾ ಎಷ್ಟು ಮಿಮೀ ಇಳಿಯಿತೆಂದು ನೋಡಿ 0.7ರಿಂದ ಗುಣಿಸಬಹುದು. ಸುತ್ತ ಒಣ ಬಯಲು, ಜೋರು ಗಾಳಿ ಇದ್ದರೆ ಗುಣಾಂಕ ಇನ್ನೂ ಕಡಿಮೆ. ಹಕ್ಕಿಗಳು ಕುಡಿಯದಂತೆ ಮೇಲೆ ಜಾಲರಿ ಹಾಕಿ. ಪುಸ್ತಕದಲ್ಲಿ ದಿನವೂ ಕೊರತೆಗೆ ಬೇಡಿಕೆ ಕೂಡಿ, ಮಳೆ ಮತ್ತು ನೀರಾವರಿ ಕಳೆಯಿರಿ. ಕೊರತೆ 12 ಇದ್ದಾಗ 40 ಮಿಮೀ ಮಳೆ ಬಂದರೆ ಜಮಾ ಆಗುವುದು 12 ಮಾತ್ರ. ಒಣ ನೆಲದ ಮೇಲೆ ಬಿದ್ದ ಎರಡು ಮೂರು ಮಿಮೀ ತುಂತುರನ್ನು ಬರೆಯಲೇ ಬೇಡಿ. ಹತ್ತು ದಿನಕ್ಕೊಮ್ಮೆ ಸಲಾಕೆಯೋ ಸೆನ್ಸರೋ ಏನು ಹೇಳುತ್ತದೆ ನೋಡಿ ಪುಸ್ತಕ ತಿದ್ದಿ. ತಿದ್ದದ ಲೆಕ್ಕ ತಿಂಗಳಲ್ಲಿ ಎಲ್ಲಿಗೋ ಹೋಗಿರುತ್ತದೆ.

ಲೆಕ್ಕ ಸರಿಯಿದ್ದೂ ಕೆಡುವುದು

ಕೊಡುವ ವೇಗ ಮಣ್ಣು ಹೀರುವ ವೇಗ ಮೀರಬಾರದು. ಜೇಡಿ ಗಂಟೆಗೆ 1ರಿಂದ 5 ಮಿಮೀ ಹೀರುತ್ತದೆ, ಗೋಡು 10ರಿಂದ 20, ಮರಳು 30ಕ್ಕೂ ಮೇಲೆ. ತುಂತುರು ನಳಿಕೆ ಗಂಟೆಗೆ 12 ಮಿಮೀ ಸುರಿದರೆ ಜೇಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹರಿದು ತಗ್ಗಿಗೆ ಸೇರುತ್ತದೆ. ಅರ್ಧ ಗಂಟೆ ಕೊಟ್ಟು, ಒಂದು ಗಂಟೆ ನಿಲ್ಲಿಸಿ, ಮತ್ತೆ ಕೊಡುವುದು ಇದಕ್ಕೆ ದಾರಿ. ಮಣ್ಣಿನ ಪದರಗಳೂ ಆಟ ಆಡುತ್ತವೆ. ಜಿಗುಟು ಮಣ್ಣಿನ ಕೆಳಗೆ ಒರಟು ಮರಳಿದ್ದರೆ ನೀರು ಸರಾಗ ಇಳಿಯುತ್ತದೆ ಅನಿಸುತ್ತದೆ. ಆಗುವುದು ಉಲ್ಟಾ. ಮೇಲಿನ ಸಣ್ಣ ರಂಧ್ರಗಳು ತಾವು ತುಂಬಿ ತುಳುಕುವವರೆಗೆ ಕೆಳಗಿನ ದೊಡ್ಡ ರಂಧ್ರಗಳಿಗೆ ನೀರು ಬಿಡುವುದಿಲ್ಲ. ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಇದೇ ಕಾರಣಕ್ಕೆ ಸುಳ್ಳು. ಎರೆ ನೆಲದಲ್ಲಿ ಬಿರುಕು ಬಿಡುವಷ್ಟು ಒಣಗಿಸಿ ನೀರು ಹರಿಸಿದರೆ ಮೊದಲ ನೀರು ಬಿರುಕಿನಲ್ಲಿ ಬೇರು ದಾಟಿ ಕೆಳಗೆ ಹೋಗುತ್ತದೆ. ಬಿರುಕು ಬೆರಳಗಲ ಆಗುವ ಮುನ್ನ ಕೊಡುವುದು ಅಗ್ಗ.

ನೆಲಕ್ಕೆ ಹೊದಿಸುವ ಮುಚ್ಚಿಗೆಯ ಲಾಭ ಬೆಳೆ ಎಳೆಯದಾಗಿದ್ದಾಗ ದೊಡ್ಡದು, ಎಲೆ ನೆಲ ಮುಚ್ಚಿದ ಮೇಲೆ ಸಣ್ಣದು. ಸಾವಯವ ಇಂಗಾಲ ಹೆಚ್ಚಿದರೆ ಮಣ್ಣು ಸ್ಪಂಜಿನಂತೆ ನೀರು ಹಿಡಿಯುತ್ತದೆ ಎನ್ನುವುದನ್ನೂ ಸ್ವಲ್ಪ ತಗ್ಗಿಸಿ ಕೇಳಬೇಕು. ಇಂಗಾಲ ಒಂದು ಶೇಕಡಾ ಏರಿದರೂ 10 ಸೆಂಮೀ ಮಣ್ಣಿಗೆ ಗಿಡದ ಪಾಲಿನ ನೀರು ಹೆಚ್ಚುವುದು ಒಂದೆರಡು ಮಿಮೀ. ಅದರ ದೊಡ್ಡ ಉಪಕಾರ ಬೇರೆ: ಮೇಲ್ಪದರ ಹೆಪ್ಪುಗಟ್ಟದೆ ಮಳೆ ಒಳಗೆ ಇಳಿಯುತ್ತದೆ.

ಹನಿಕೆಗಳು ಸಮವಾಗಿ ಸುರಿಯುತ್ತಿವೆಯೇ ಎಂದು ಹಂಗಾಮಿಗೊಮ್ಮೆ ನೋಡಿ. ಸಾಲುಗಳ ಮೊದಲು, ನಡು, ಕೊನೆ ಸೇರಿಸಿ ಹದಿನಾರು ಹನಿಕೆಗಳ ಕೆಳಗೆ ಲೋಟ ಇಟ್ಟು ಹತ್ತು ನಿಮಿಷ ಹಿಡಿಯಿರಿ. ಅತಿ ಕಡಿಮೆ ಬಂದ ನಾಲ್ಕರ ಸರಾಸರಿಯನ್ನು ಎಲ್ಲದರ ಸರಾಸರಿಯಿಂದ ಭಾಗಿಸಿ. 0.9 ಇದ್ದರೆ ಒಳ್ಳೆಯದು. 0.8ಕ್ಕಿಂತ ಇಳಿದರೆ ಮೊದಲು ಫಿಲ್ಟರ್ ತೊಳೆದು, ಪೈಪುಗಳ ಕೊನೆ ಬಿಚ್ಚಿ ಕೆಸರು ಹೊರಬಿಡಿ. ಸೆನ್ಸರ್ ಇರುವುದು ಒಂದು ಹನಿಕೆಯ ಪಕ್ಕ. ಆ ಹನಿಕೆ ಅರ್ಧ ಕಟ್ಟಿಕೊಂಡಿದ್ದರೆ ಇಡೀ ಹೊಲಕ್ಕೆ ಎರಡರಷ್ಟು ನೀರು ಹೋಗುತ್ತದೆ.

ಕೊನೆಯದು ಉಪ್ಪು. ಉಪ್ಪುನೀರು ಕೊಡುವ ಹೊಲದಲ್ಲಿ ಟೆನ್ಶಿಯೋಮೀಟರ್ 20 ತೋರಿಸುತ್ತಿದ್ದರೂ ಗಿಡ ಬಾಡಬಹುದು, ಉಪ್ಪಿನ ಎಳೆತ ಅದಕ್ಕೆ ಕಾಣುವುದಿಲ್ಲ. ಮಣ್ಣಿನ ಉಪ್ಪು ಬೆಳೆಯ ಮಿತಿ ದಾಟದಂತೆ ಸ್ವಲ್ಪ ಹೆಚ್ಚು ನೀರು ಬೇಕೆಂತಲೇ ಕೆಳಗೆ ಇಳಿಸಬೇಕು. ಎಷ್ಟು ಎಂಬುದಕ್ಕೆ ಲೆಕ್ಕ: ನೀರಿನ ಇಸಿಯನ್ನು (ಉಪ್ಪು ಎಷ್ಟಿದೆ ಎಂದು ತಿಳಿಸುವ ವಿದ್ಯುತ್ ವಾಹಕತೆ), ಬೆಳೆ ತಾಳುವ ಮಣ್ಣಿನ ಇಸಿಯ ಐದು ಪಟ್ಟಿನಿಂದ ನೀರಿನ ಇಸಿ ಕಳೆದು ಬಂದದ್ದರಿಂದ ಭಾಗಿಸಿ. ನೀರಿನದು 1.5, ಟೊಮೆಟೊ ತಾಳುವುದು 2.5 ಆದರೆ 12.5ರಲ್ಲಿ 1.5 ಹೋಗಿ 11. 1.5ನ್ನು 11ರಿಂದ ಭಾಗಿಸಿದರೆ ಸುಮಾರು 14%. ಒಟ್ಟು ಕೊಡುವ ನೀರಿನಲ್ಲಿ ಇಷ್ಟು ಪಾಲು ಬೇರು ದಾಟಿ ಇಳಿಯಬೇಕು. ಇಂಥ ಹೊಲದಲ್ಲಿ ಕೆಳಗಿನ ಸೆನ್ಸರ್ ಆಗೊಮ್ಮೆ ಈಗೊಮ್ಮೆ ಕುಣಿಯಲೇಬೇಕು. ಆದರೆ ಇಳಿದ ನೀರು ಹೊರಹೋಗಲು ಬಸಿಗಾಲುವೆ ಇಲ್ಲದಿದ್ದರೆ ಇದನ್ನು ಮಾಡಬೇಡಿ. ಅಂತರ್ಜಲ ಏರಿ, ಇಳಿಸಿದ ಉಪ್ಪೇ ಬಿಸಿಲಿಗೆ ಮೇಲೆ ಬಂದು ನೆಲದ ಮೇಲೆ ಬೆಳ್ಳಗೆ ಕೂರುತ್ತದೆ.